‘ಬೇಬಿ ಶಾರ್ಕ್’ ಅನ್ನುವ ಮೀನೇ ಇಲ್ಲ, ಬೋರ್ಡಿನಲ್ಲಿ ಸರಿಯಾದ ಹೆಸರು ಬರೆಯಿರಿ

ಬಿಟಿಎಂ ಲೇಔಟಿನ ಮೀನಂಗಡಿಗಳಲ್ಲಿ ‘ಬೇಬಿ ಶಾರ್ಕ್’ ಅಂತ ಚಾಕ್‌ಪೀಸಿನಲ್ಲಿ ಬರೆದ ಬೋರ್ಡು ಕಾಣುತ್ತದೆ. ಜೆ.ಪಿ. ನಗರದಲ್ಲೂ ಇದೆ, ಬನಶಂಕರಿಯಲ್ಲೂ ಇದೆ. ಫೋನಿನಲ್ಲಿ ಒತ್ತಿದರೆ ಮನೆಗೇ ತಂದುಕೊಡುವ ಕಂಪನಿಗಳ ಪಟ್ಟಿಯಲ್ಲೂ ಅದೇ ಹೆಸರು. ತಲೆ ಇಲ್ಲ, ರೆಕ್ಕೆ ಇಲ್ಲ, ಕೆಲವು ಕಡೆ ಚರ್ಮವೂ ಇಲ್ಲ. ಬೂದು ಬಣ್ಣದ, ಕೈತೋಳಿನಷ್ಟು ದಪ್ಪದ ತುಂಡು ಐಸಿನ ಮೇಲೆ ಮಲಗಿರುತ್ತದೆ. ಏನಣ್ಣ ಇದು ಅಂದರೆ ಬೇಬಿ ಶಾರ್ಕ್ ಅನ್ನುತ್ತಾರೆ. ಯಾವುದರ ಬೇಬಿ ಅಂತ ಕೇಳಿದರೆ ಅಂಗಡಿಯವನಿಗೂ ಗೊತ್ತಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಈ ಹೆಸರನ್ನು ತೆಗೆಯಬೇಕು. ಅದು ಯಾವ ಮೀನು, ಬೆಳೆದದ್ದೋ ಮರಿಯೋ, ಯಾವ ಬಂದರಿನದು ಅಂತ ಕನ್ನಡದಲ್ಲಿ ಬರೆದು ಮಾರಬೇಕು.

ಬೆಂಗಳೂರಿನವರ ಮೀನಿನ ಬೋರ್ಡು ಕಟ್ಟಿಕೊಂಡು ನಮಗೇನು ಅಂತ ನೀವು ಕೇಳಬಹುದು. ಕನಕಪುರ, ಹಾರೋಹಳ್ಳಿ ಕಡೆಯ ಬಸ್ಸುಗಳು ಬನಶಂಕರಿಗೆ ಬರುತ್ತವಲ್ಲ, ಸಂಜೆ ಅವೇ ಬಸ್ಸುಗಳಲ್ಲಿ ಊರಿಗೆ ವಾಪಸ್ ಹೋಗುವವರ ಚೀಲ ನೋಡಿ. ಕೆರೆಯ ಕಟ್ಲಾ, ರೋಹು, ಜಿಲೇಬಿ ತಿಂದು ಬೆಳೆದ ನಮ್ಮವರು ಈಗ ಬಂಗುಡೆ, ಬೂತಾಯಿ ಜೊತೆಗೆ ಇದನ್ನೂ ಒಂದು ಕಿಲೋ ಕಟ್ಟಿಸಿಕೊಂಡು ಬರುತ್ತಾರೆ. ಅದರಲ್ಲೂ ಮನೆಯಲ್ಲಿ ಬಾಣಂತಿ ಇದ್ದರೆ. “ಸುರಾ ತಿಂದರೆ ಹಾಲು ಬರುತ್ತೆ” ಅಂತ ಅಂಗಡಿಯ ಮುಂದೆ ನಿಂತ ಗಿರಾಕಿಯೇ ಇನ್ನೊಬ್ಬ ಗಿರಾಕಿಗೆ ಹೇಳುವುದನ್ನು ಕೇಳಿದ್ದೇನೆ. ಮಾತು ಮೊದಲು ಬಂತು, ಮೀನು ಅದರ ಹಿಂದೆಯೇ ಹಳ್ಳಿಗೆ ಬಂತು.

ಹೆಸರಿನ ಗೊಂದಲ ಬಗೆಹರಿಸೋಣ. ನಮ್ಮ ಕರಾವಳಿಯಲ್ಲಿ ಶಾರ್ಕಿಗೆ ತಾಟೆ ಅನ್ನುತ್ತಾರೆ. ಕೊಂಕಣಿಯಲ್ಲಿ ಮೋರಿ, ತಮಿಳಿನಲ್ಲಿ ಸುರಾ, ಮಲಯಾಳದಲ್ಲಿ ಸ್ರಾವು. ದಕ್ಷಿಣ ಬೆಂಗಳೂರಿನಲ್ಲಿ ಈ ನಾಲ್ಕೂ ಭಾಷೆಯವರು ಒಂದೇ ಬೀದಿಯಲ್ಲಿ ಇರುವುದರಿಂದ ನಾಲ್ಕೂ ಹೆಸರು ಚಾಲ್ತಿಯಲ್ಲಿವೆ. ನಾಲ್ಕೂ ಒಳ್ಳೆಯ ಹೆಸರುಗಳೇ. ಅವನ್ನೆಲ್ಲ ಬಿಟ್ಟು ಬೋರ್ಡಿಗೆ ಹತ್ತಿದ್ದು ಮಾತ್ರ ಮಕ್ಕಳ ಇಂಗ್ಲಿಷ್ ಹಾಡಿನ ಹೆಸರು.

ತಾಟೆ ಅಂದರೂ ಒಂದೇ ಮೀನಲ್ಲ. ನಮ್ಮ ಕಡಲಂಚಿನಲ್ಲಿ ಬಲೆಗೆ ಬೀಳುವ ಚಿಕ್ಕ ತಾಟೆಗಳಲ್ಲಿ ಎರಡನ್ನು ಗುರುತಿಟ್ಟುಕೊಳ್ಳಿ. ಒಂದರ ಮೂತಿ ಗಾರೆ ಕೆಲಸದವರ ಕರಣೆಯ ಹಾಗೆ ಚಪ್ಪಟೆಯಾಗಿ, ಅಗಲವಾಗಿ ಇರುತ್ತದೆ. ವಿಜ್ಞಾನಿಗಳು ಇದನ್ನು ಸ್ಕೋಲಿಯೋಡಾನ್ ಲ್ಯಾಟಿಕೌಡಸ್ ಅನ್ನುತ್ತಾರೆ. ನಾನು ಇಲ್ಲಿ ಕರಣೆಮೂತಿ ಅಂತ ಕರೆಯುತ್ತೇನೆ, ಓದಲು ಸುಲಭವಾಗಲಿ ಅಂತ. ಇನ್ನೊಂದು ಉದ್ದ ಮೂತಿಯ, ದೊಡ್ಡ ಕಣ್ಣಿನ ಹಾಲುತಾಟೆ, ತಮಿಳಿನಲ್ಲಿ ಪಾಲ್ ಸುರಾ. ಬಾಣಂತಿಗೆ ಹಾಲು ಹೆಚ್ಚುತ್ತದೆ ಎಂಬ ನಂಬಿಕೆಯಿಂದಲೇ ಅದಕ್ಕೆ ಆ ಹೆಸರು ಬಂದದ್ದು. ಇಂಗ್ಲಿಷಿನವರೂ ನಮ್ಮ ದೇಶದ ಈ ನಂಬಿಕೆಯನ್ನೇ ಎತ್ತಿಕೊಂಡು ‘ಮಿಲ್ಕ್ ಶಾರ್ಕ್’ ಎಂದು ಕರೆದರು.

ಈಗ ಒಂದು ಮೊಳ ಉದ್ದದ ತಾಟೆಯನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಸುಮಾರು 45ರಿಂದ 50 ಸೆಂಟಿಮೀಟರ್.

ಅದು ಕರಣೆಮೂತಿಯಾಗಿದ್ದರೆ ಬೇಬಿ ಅಲ್ಲವೇ ಅಲ್ಲ, ಹಲವು ಸಲ ಹೆತ್ತ ಅಜ್ಜಿಯೇ ಇರಬಹುದು. ಏಕೆಂದರೆ ಈ ಜಾತಿಯ ಹೆಣ್ಣು 33ರಿಂದ 35 ಸೆಂಟಿಮೀಟರಿಗೇ ಪ್ರಾಯಕ್ಕೆ ಬರುತ್ತದೆ. ಎಷ್ಟೇ ಬೆಳೆದರೂ ಮುಕ್ಕಾಲು ಮೀಟರ್ ದಾಟುವುದಿಲ್ಲ. ಅದೇ ಒಂದು ಮೊಳದ ಮೀನು ಹಾಲುತಾಟೆಯಾಗಿದ್ದರೆ ಇನ್ನೂ ಹರೆಯಕ್ಕೆ ಬಾರದ ಹುಡುಗಿ. ಅದು ಮರಿ ಹಾಕಲು 70–80 ಸೆಂಟಿಮೀಟರ್ ಆಗಬೇಕು. ಇನ್ನು ಸುತ್ತಿಗೆ ತಲೆಯ ಶಾರ್ಕ್ ಆಗಿದ್ದರೆ? ನಿನ್ನೆಮೊನ್ನೆ ಹುಟ್ಟಿದ ಕೂಸು. ಸುತ್ತಿಗೆ ತಲೆಯ ಹೆಣ್ಣು ತಾಯಿಯಾಗಬೇಕಾದರೆ ಎರಡು ಮೀಟರ್ ದಾಟಬೇಕು, ಅದಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಸ್ಕ್ಯಾಲಪ್ಡ್ ಹ್ಯಾಮರ್‌ಹೆಡ್ ಎಂಬ ಆ ಜಾತಿಯನ್ನು ಐಯುಸಿಎನ್ ಸಂಸ್ಥೆ ಅಳಿವಿನ ಕಟ್ಟಕಡೆಯ ಹಂತದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ.

ಅಜ್ಜಿ, ಹುಡುಗಿ, ಕೂಸು, ಮೂರಕ್ಕೂ ಒಂದೇ ಬೋರ್ಡು, ಒಂದೇ ರೇಟು. ತಲೆ ಕತ್ತರಿಸಿದ ಮೇಲೆ ಮೂತಿ ಕರಣೆಯಂತಿತ್ತೋ ಸುತ್ತಿಗೆಯಂತಿತ್ತೋ ಯಾರಿಗೆ ಗೊತ್ತಾಗಬೇಕು.

ಕುರಿ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂತೆಯಲ್ಲಿ ಹೋತ, ಬೆಳೆದ ಆಡು, ಹಾಲು ಬಿಡದ ಮರಿ ಮೂರನ್ನೂ ಒಟ್ಟಿಗೆ ನಿಲ್ಲಿಸಿ ‘ಬೇಬಿ ಮೇಕೆ’ ಅಂತ ಯಾರಾದರೂ ಕೂಗಿದರೆ ಅಲ್ಲೇ ಜಗಳ ಆಗುತ್ತದೆ. ಹಲ್ಲು ನೋಡಿ ವಯಸ್ಸು ಹೇಳುವ ಜನ ನಾವು.

ಕರಣೆಮೂತಿಯ ಬಸಿರಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನಗೆ ಈ ಮೀನಿನ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ. ಮೀನು ಅಂದರೆ ಮೊಟ್ಟೆ ಇಡುವುದು, ಸಾವಿರಗಟ್ಟಲೆ ಇಡುವುದು ಅಂತ ನಾವು ತಿಳಿದಿದ್ದೇವೆ. ಬೂತಾಯಿ ಹಾಗೇ ಮಾಡುತ್ತದೆ, ಕೆರೆಯ ಕಟ್ಲಾ ಲಕ್ಷಗಟ್ಟಲೆ ಇಡುತ್ತದೆ. ಕರಣೆಮೂತಿ ತಾಟೆ ಮರಿ ಹಾಕುತ್ತದೆ. ಅದರ ಮೊಟ್ಟೆ ಸಾಸಿವೆ ಕಾಳಿನಷ್ಟು, ಸುಮಾರು ಒಂದು ಮಿಲಿಮೀಟರ್. ಶಾರ್ಕುಗಳ ಕುಲದಲ್ಲಿ ಇಷ್ಟು ಚಿಕ್ಕ ಮೊಟ್ಟೆ ಬೇರೆಲ್ಲೂ ಕಂಡಿಲ್ಲ. ಅದರೊಳಗೆ ಮರಿಗೆ ಸಾಲುವಷ್ಟು ಬಂಡಾರವೇ ಇರುವುದಿಲ್ಲ. ಹಾಗಾಗಿ ಬಸಿರು ನಿಂತ ಸ್ವಲ್ಪ ದಿನಕ್ಕೇ ಭ್ರೂಣ ತಾಯಿಯ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುತ್ತದೆ, ಮಾಸು ಬೆಳೆಯುತ್ತದೆ, ಹೊಕ್ಕುಳಬಳ್ಳಿ ಬೆಳೆಯುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ, ಹಸು ಎಮ್ಮೆಗಳಲ್ಲಿ ನಡೆಯುವ ಹಾಗೇ ತಾಯಿಯ ರಕ್ತದಿಂದ ಮರಿಗೆ ಊಟ ಹೋಗುತ್ತದೆ. ಮೀನುಗಳಲ್ಲಿ ಮಾಸು ಅಷ್ಟು ಮುಂದುವರಿದ ಮಟ್ಟ ಮುಟ್ಟಿರುವುದಕ್ಕೆ ವಿಜ್ಞಾನಿಗಳು ಮೊದಲು ಕೊಡುವ ಉದಾಹರಣೆಗಳಲ್ಲಿ ಇದೂ ಒಂದು. ಐದಾರು ತಿಂಗಳ ಬಸಿರು. ಒಂದು ಸೂಲಿಗೆ ಸಾಮಾನ್ಯವಾಗಿ 6ರಿಂದ 18 ಮರಿ, ಒಂದೊಂದೂ ಗೇಣಿಗಿಂತ ಚಿಕ್ಕದು, 12ರಿಂದ 15 ಸೆಂಟಿಮೀಟರ್. ಹುಟ್ಟಿದ ಗಳಿಗೆಯಿಂದ ಅದರ ಪಾಡು ಅದಕ್ಕೆ. ತಾಯಿ ಸಾಕುವುದಿಲ್ಲ, ಹಾಲೂ ಇಲ್ಲ.

ಹಾಲುತಾಟೆಯದು ಇನ್ನೂ ನಿಧಾನದ ಸಂಸಾರ. ಬಸಿರು ಹತ್ತಿರ ಹತ್ತಿರ ಒಂದು ವರ್ಷ, ಮರಿ ಸಾಮಾನ್ಯವಾಗಿ ಎರಡರಿಂದ ಐದು. ಐಯುಸಿಎನ್ ಪಟ್ಟಿಯಲ್ಲಿ ಇದು ಅಪಾಯಕ್ಕೆ ಗುರಿಯಾಗಬಲ್ಲ ಜಾತಿ, ಕರಣೆಮೂತಿ ಅದಕ್ಕೆ ಒಂದು ಮೆಟ್ಟಿಲು ಕೆಳಗೆ. ಬೇಗ ಪ್ರಾಯಕ್ಕೆ ಬಂದು, ಹೆಚ್ಚು ಮರಿ ಹಾಕುವ ಕರಣೆಮೂತಿಗೇ ಈ ಗತಿಯಾದರೆ ನಿಧಾನಕ್ಕೆ ಹೆರುವ ದೊಡ್ಡ ಜಾತಿಗಳ ಲೆಕ್ಕ ನೀವೇ ಹಾಕಿ. ಪ್ರಪಂಚದ ಶಾರ್ಕ್, ತೊರಕೆ ಜಾತಿಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಅಳಿವಿನ ಭಯದಲ್ಲಿವೆ ಅಂತ 2021ರಲ್ಲಿ ಲೆಕ್ಕ ಹಾಕಿದರು. ಕಾರಣ ಮುಖ್ಯವಾಗಿ ಒಂದೇ, ಅತಿಯಾದ ಹಿಡಿತ.

ಇದರ ದೇಹದ ಬಗ್ಗೆ ಇನ್ನೊಂದೆರಡು ಮಾತು. ತಾಟೆಗೆ ಮೂಳೆ ಇಲ್ಲ, ನಮ್ಮ ಕಿವಿಯಲ್ಲಿರುವಂಥ ಮೃದ್ವಸ್ಥಿಯೇ ಅಸ್ತಿಪಂಜರ. ಅದಕ್ಕೇ ಮಕ್ಕಳಿಗೆ ಮುಳ್ಳಿನ ಭಯವಿಲ್ಲ ಅಂತ ಅಮ್ಮಂದಿರು ಇಷ್ಟಪಡುವುದು. ಚರ್ಮ ತಲೆಯಿಂದ ಬಾಲದ ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಮರಳುಕಾಗದ. ಮೂತಿಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ತೂತುಗಳಿವೆ, ಒಳಗೆ ಲೋಳೆ. ಕೆಸರಿನಲ್ಲಿ ಹೂತುಕೊಂಡ ಸಿಗಡಿಯ ಮೈಯಿಂದ ಹೊರಡುವ ಅತಿ ಸಣ್ಣ ವಿದ್ಯುತ್ತನ್ನೂ ಅದು ಈ ತೂತುಗಳಿಂದಲೇ ಹಿಡಿಯುತ್ತದೆ. ಕದಡಿದ ನೀರಿನಲ್ಲಿ ಕಣ್ಣು ಕಾಣದಿದ್ದರೂ ಬೇಟೆ ತಪ್ಪುವುದಿಲ್ಲ. ಸಣ್ಣ ಮೀನು, ಸಿಗಡಿ, ಬೊಂಡಾಸು ಇದರ ಊಟ. ಕರಣೆಮೂತಿ ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಗುಂಪುಗುಂಪಾಗಿ ತಿರುಗುತ್ತದೆ. ಟ್ರಾಲ್ ಬೋಟುಗಳು ಸಿಗಡಿಗೆ ಬಲೆ ಎಳೆಯುವುದೂ ಅಲ್ಲೇ. ಸಿಕ್ಕಿಬೀಳುವುದು ಹೀಗೆ.

ಹಳೆಯ ತಾಟೆ ಯಾಕೆ ಕೊಟ್ಟಿಗೆಯ ವಾಸನೆ ಹೊಡೆಯುತ್ತದೆ ಗೊತ್ತೆ? ಸಮುದ್ರದ ಉಪ್ಪನ್ನು ತಡೆದುಕೊಳ್ಳಲು ಶಾರ್ಕ್ ತನ್ನ ರಕ್ತಮಾಂಸದಲ್ಲಿ ಯೂರಿಯಾ ತುಂಬಿಕೊಂಡಿರುತ್ತದೆ. ನಾವು ಹೊಲಕ್ಕೆ ಎರಚುತ್ತೇವಲ್ಲ, ಅದೇ ಯೂರಿಯಾ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತದೆ. ಕಣ್ಣಿಗೆ ಹೊಡೆಯುವಷ್ಟು ವಾಸನೆ ಇದ್ದರೆ ಆ ಮೀನು ಐಸಿಲ್ಲದೆ ಬಹಳ ಹೊತ್ತು ಕಳೆದಿದೆ ಅಂತ ಅರ್ಥ. ಅರಿಸಿನ, ಹುಣಿಸೆ ಎಷ್ಟು ಹಾಕಿ ತೊಳೆದರೂ ಹೊಸದಾಗುವುದಿಲ್ಲ, ಬೇಡ ಅಂತ ಮುಂದೆ ನಡೆಯಿರಿ.

ಇಷ್ಟೆಲ್ಲ ನಮಗೆ ಹೊಸದಾಗಿ ಕೇಳಿಸುತ್ತದೆ. ಆದರೆ ಕರಣೆಮೂತಿಯಷ್ಟು ಚೆನ್ನಾಗಿ ನಮ್ಮ ದೇಶದ ಕಾಲೇಜುಗಳು ಓದಿದ ಮೀನು ಇನ್ನೊಂದಿಲ್ಲ. 1928ರಲ್ಲೇ ತಿಲ್ಲಯಂಪಲಂ ಎಂಬ ಮಹಿಳಾ ಪ್ರಾಣಿವಿಜ್ಞಾನಿ ಇದರ ಮೇಲೆ ಒಂದು ಇಡೀ ಪುಸ್ತಕ ಬರೆದರು. ಆಮೇಲೆ ತಲೆಮಾರುಗಟ್ಟಲೆ ಬಿಎಸ್ಸಿ ಹುಡುಗರು ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಸ್ಕೋಲಿಯೋಡಾನ್ ಕೊಯ್ದು, ಫಾರ್ಮಲಿನ್ ವಾಸನೆಯಲ್ಲಿ ಅದರ ತಲೆಯ ನರಗಳನ್ನು ಬಿಡಿಸಿ ತೋರಿಸಿ ಪಾಸಾದರು. ಜಯನಗರ, ಬನಶಂಕರಿಯ ಮನೆಗಳಲ್ಲಿ ಹೀಗೆ ಪಾಸಾದ ನಿವೃತ್ತ ಮೇಷ್ಟ್ರು, ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. 2014ರಲ್ಲಿ ಯುಜಿಸಿ ಡಿಗ್ರಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಿತು, ಒಳ್ಳೆಯದೇ ಆಯಿತು. ಬೇಜಾರೆಂದರೆ ಅಷ್ಟು ವರ್ಷ ಕೊಯ್ದು ಕಲಿತ ಜ್ಞಾನದಲ್ಲಿ ಒಂದು ಸಾಲೂ ಅದೇ ಬಡಾವಣೆಯ ಮೀನಂಗಡಿಯ ಬೋರ್ಡಿನವರೆಗೆ ನಡೆದು ಬರಲಿಲ್ಲ. ಪರೀಕ್ಷೆ ಮುಗಿಯಿತು, ಮೀನೂ ಮರೆತುಹೋಯಿತು.

ನಮ್ಮ ಪತ್ರಿಕೆಯವರ ಪಾಲೂ ಇದೆ. ಶಾರ್ಕ್ ಸುದ್ದಿ ಅಂದರೆ ಡೆಸ್ಕಿಗೆ ‘ಬಲೆಗೆ ಬಿದ್ದ ದೈತ್ಯ’ ಬೇಕು. ಒಂದು ಮೊಳದ ಮೀನಿನ ಸುದ್ದಿಗೆ ಕಾಲಂ ಸೆಂಟಿಮೀಟರ್ ಸಿಗುವುದಿಲ್ಲ, ಸೆಂಟಿಮೀಟರ್ ಸಿಗದಿದ್ದರೆ ಸ್ಟ್ರಿಂಗರಿಗೆ ದುಡ್ಡೂ ಇಲ್ಲ. ಹಾಗಾಗಿ ಜನರ ತಲೆಯಲ್ಲಿ ಉಳಿದದ್ದು ಸಿನಿಮಾದ ನರಭಕ್ಷಕ ಮಾತ್ರ. ಕರಣೆಮೂತಿ ಮನುಷ್ಯನನ್ನು ಏನೂ ಮಾಡುವುದಿಲ್ಲ, ಹಾಲುತಾಟೆಯೂ ಅಷ್ಟೇ. ನಮ್ಮ ಕಡೆಯ ಶಾಲೆಗಳಿಂದ ಗೋಕರ್ಣ, ಮುರುಡೇಶ್ವರಕ್ಕೆ ಟೂರ್ ಹೋಗುವ ಮಕ್ಕಳಿಗೆ ಭಯ ಇರಬೇಕಾದದ್ದು ಅಲೆಯ ಸೆಳೆತದ ಬಗ್ಗೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರನ್ನು ತೆಗೆದುಕೊಂಡದ್ದು ಅಲೆ.

ಇನ್ನು ಬಾಣಂತಿಯ ಮಾತು. ಇದರಲ್ಲಿ ನಾನು ಮೆತ್ತಗೆ ಹೇಳುವುದಿಲ್ಲ.

ತಾಟೆ ತಿಂದರೆ ಹಾಲು ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಹಾಲು ಬರುವುದು ಮಗು ಮೊಲೆ ಚೀಪಿದಾಗ. ಚೀಪಿದಷ್ಟೂ ತಾಯಿಯ ಮಿದುಳಿಗೆ ಸೂಚನೆ ಹೋಗುತ್ತದೆ, ಹಾಲು ಕಟ್ಟುತ್ತದೆ. ತಾಯಿಗೆ ಹೊಟ್ಟೆ ತುಂಬ ಊಟ, ನೀರು, ನಿದ್ದೆ ಬೇಕು. ನಮ್ಮ ಅವ್ವಂದಿರು ಕೊಡುತ್ತಿದ್ದ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರಿನಿಂದ ಯಾರಿಗೂ ಕೆಟ್ಟದ್ದಾಗಿಲ್ಲ, ಕೊಡಲಿ. ತಾಟೆಯ ವಿಷಯ ಹಾಗಲ್ಲ. ಸಮುದ್ರಕ್ಕೆ ಸೇರಿದ ಪಾದರಸ ಮೊದಲು ಸೂಕ್ಷ್ಮ ಜೀವಿಗಳಿಗೆ, ಅವನ್ನು ತಿಂದ ಸಣ್ಣ ಮೀನಿಗೆ, ಅದನ್ನು ತಿಂದ ದೊಡ್ಡ ಮೀನಿಗೆ ದಾಟುತ್ತ ಹೋಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಪ್ರಮಾಣ ಏರುತ್ತದೆ. ಬೇಟೆಯಾಡಿ ಬದುಕುವ, ಹಲವು ವರ್ಷ ಬಾಳುವ ಶಾರ್ಕಿನ ಮಾಂಸದಲ್ಲಿ ಅದು ಹೆಚ್ಚು ಸೇರಿಕೊಳ್ಳುತ್ತದೆ. ಮೀನು ದೊಡ್ಡದಾದಷ್ಟೂ, ಮುದಿಯಾದಷ್ಟೂ ಜಾಸ್ತಿ. ಬೆಳೆಯುತ್ತಿರುವ ಮಗುವಿನ ಮಿದುಳಿಗೆ, ನರಗಳಿಗೆ ಅದು ಕೆಡುಕು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ತಿನ್ನಲೇಬಾರದ ಮೀನುಗಳ ಪಟ್ಟಿಯಲ್ಲಿ ಶಾರ್ಕನ್ನು ಇಟ್ಟಿದೆ. ಬ್ರಿಟನ್ನಿನ ಆರೋಗ್ಯ ಸೇವೆಯೂ ಬಸುರಿಯರಿಗೆ, ಮಕ್ಕಳಿಗೆ ಬೇಡ ಅನ್ನುತ್ತದೆ.

ಅಂದರೆ ನಾವು ಯಾರ ಹೆಸರಿನಲ್ಲಿ ಕೊಳ್ಳುತ್ತಿದ್ದೇವೋ ಅವರಿಗೇ ಕೊಡಬಾರದ ಮೀನು ಇದು. ಕರಣೆಮೂತಿಯಂಥ ಚಿಕ್ಕ ಜಾತಿಯಲ್ಲಿ ಪಾದರಸ ದೊಡ್ಡ ಶಾರ್ಕಿಗಿಂತ ಕಡಿಮೆ ಇರಬಹುದು ಅಂತ ಯಾರಾದರೂ ವಾದಿಸಬಹುದು. ಸರಿ. ಆದರೆ ತಲೆ ಕತ್ತರಿಸಿದ ತುಂಡು ಚಿಕ್ಕ ಜಾತಿಯದೋ ದೊಡ್ಡ ಜಾತಿಯದೋ ಅಂತ ಬೋರ್ಡು ಹೇಳುವುದಿಲ್ಲವಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಬಾಣಂತಿಗೆ ಮೀನು ಕೊಡಲೇಬೇಕು ಅನ್ನಿಸಿದರೆ ಬೂತಾಯಿ, ಬಂಗುಡೆ ಕೊಡಿ. ಸಣ್ಣ ಮೀನು, ಒಳ್ಳೆಯ ಕೊಬ್ಬು, ಪ್ರೋಟೀನ್ ಎಲ್ಲ ಇದೆ, ಪಾದರಸ ಕಡಿಮೆ. ಹಾಲು ಸಾಲುತ್ತಿಲ್ಲ ಅಂತ ಅನುಮಾನ ಬಂದರೆ ಆಶಾ ಕಾರ್ಯಕರ್ತೆಗೆ, ನರ್ಸಮ್ಮನಿಗೆ ಹೇಳಿ. ಮಗುವನ್ನು ಮೊಲೆಗೆ ಸರಿಯಾಗಿ ಹಿಡಿಸುವುದು ಹೇಗೆಂದು ಅವರು ತೋರಿಸಿಕೊಡುತ್ತಾರೆ.

ಹಾಗಾದರೆ ತಾಟೆ ಹಿಡಿಯುವುದನ್ನೇ ಬಂದ್ ಮಾಡಿ ಅನ್ನುತ್ತೀಯಾ ಅಂತ ಕರಾವಳಿಯ ಗೆಳೆಯರು ಕೇಳುತ್ತಾರೆ. ಇಲ್ಲ. ಅದನ್ನು ಒಂದು ಸಲ ಮಾಡಿ ನೋಡಿಯಾಗಿದೆ. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಎಲ್ಲ ಶಾರ್ಕ್, ತೊರಕೆ ಜಾತಿಗಳನ್ನೂ ವನ್ಯಜೀವಿ ಕಾಯ್ದೆಯಡಿ ತಂದು ನಿಷೇಧಿಸಿತು. ಮೀನುಗಾರರು ತಿರುಗಿಬಿದ್ದರು. ಡಿಸೆಂಬರಿಗೆ ಪಟ್ಟಿ ಹತ್ತು ಜಾತಿಗೆ ಇಳಿಯಿತು. ಬಲೆ ಎಳೆಯುವವನಿಗೆ ನೀರಿನಡಿ ಯಾವ ಮೀನು ಇದೆ ಅಂತ ಕಾಣುವುದಿಲ್ಲ. ಸಿಗಡಿಗೆ ಹಾಕಿದ ಬಲೆಯಲ್ಲಿ ತಾಟೆ ಬಂದರೆ, ಮೇಲೆ ಬರುವಷ್ಟರಲ್ಲಿ ಬಹುತೇಕ ಸತ್ತಿರುತ್ತದೆ. ಬರೀ ಅವನ ಮೇಲೆ ಕೇಸು ಹಾಕುವುದು ನ್ಯಾಯವಲ್ಲ. ಆಮೇಲೆ ಬಂದ ಕೆಲವು ನಿಯಮಗಳು ಪರವಾಗಿಲ್ಲ. 2013ರಲ್ಲಿ ರೆಕ್ಕೆ ಕತ್ತರಿಸಿಕೊಂಡು ಮೀನನ್ನು ಕಡಲಿಗೆ ಎಸೆಯುವುದನ್ನು ತಡೆದರು, ಇಡೀ ಮೀನನ್ನೇ ದಡಕ್ಕೆ ತರಬೇಕು ಅಂದರು. 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಲ್ಲಿಸಿದರು. 2022ರಲ್ಲಿ ಪನಾಮಾದಲ್ಲಿ ನಡೆದ ಸೈಟ್ಸ್ ಸಭೆಯಲ್ಲಿ ಕರಣೆಮೂತಿ, ಹಾಲುತಾಟೆಗಳ ಇಡೀ ಕುಟುಂಬವನ್ನೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ತಂದರು.

ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಬಂದರಿಗೆ, ರಫ್ತಿಗೆ ಸಂಬಂಧಪಟ್ಟವು. ಮಂಗಳೂರಿನ ಧಕ್ಕೆಯಲ್ಲೋ ಮಲ್ಪೆಯಲ್ಲೋ ತಲೆ ಸಮೇತ ಇಳಿದ ಮೀನು ಲಾರಿ ಹತ್ತಿ ಘಾಟಿ ದಾಟಿ ಬೆಂಗಳೂರಿಗೆ ಬಂದ ಮೇಲೆ ಅದರ ಹೆಸರು ಕೇಳುವವರು ಯಾರೂ ಇಲ್ಲ. ಬಂದರಿನಲ್ಲಿ ಗುರುತು ಇತ್ತು, ಬಿಟಿಎಂನಲ್ಲಿ ಹೋಯಿತು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಸೇರಿ ಮೂರು ಇಂಗ್ಲಿಷ್ ಅಕ್ಷರವಾದ ಜಾಗ ಅದು. ಅಲ್ಲಿ ಒಂದು ಮೀನಿನ ಹೆಸರು ಕಳೆದುಹೋಗುವುದು ಆಶ್ಚರ್ಯವೇನಲ್ಲ ಬಿಡಿ.

ಗುಜರಾತಿನ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕನ್ನು ಕೊಲ್ಲುತ್ತಿದ್ದ ಮೀನುಗಾರರೇ ಅದನ್ನು ಬಲೆ ಕತ್ತರಿಸಿ ಬಿಡುವಂತಾದ ಕಥೆ ನಿಮಗೆ ಗೊತ್ತಿರಬಹುದು. 2004ರಲ್ಲಿ ಶುರುವಾದ ಅಭಿಯಾನ. ಮೊರಾರಿ ಬಾಪು ಅದನ್ನು ತವರಿಗೆ ಹೆರಿಗೆಗೆ ಬಂದ ಮಗಳು ಅಂದರು, ‘ವ್ಹಾಲಿ’ ಅಂತ ಪ್ರೀತಿಯ ಹೆಸರು ಬಂತು. ಕಾನೂನು 2001ರಲ್ಲೇ ಇತ್ತು, ಜನರ ಕೈ ತಡೆದದ್ದು ಹೆಸರು. ಅದು ಬಸ್ಸಿನಷ್ಟು ದೊಡ್ಡ ಮೀನು, ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಮೊಳದ್ದಕ್ಕೆ ಯಾವ ಬಾಪೂ ಬರುವುದಿಲ್ಲ, ಅದಕ್ಕೆ ಬೋರ್ಡಿನ ಮೇಲೆ ಒಂದು ಸಾಲಾದರೂ ಸಿಗಲಿ ಅನ್ನುತ್ತಿದ್ದೇನೆ.

ಮೀನುಗಾರಿಕೆ ಇಲಾಖೆ ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅವರ ಹತ್ತಿರ ಇರುವ ಚಿತ್ರಗಳಿಂದ ಒಂದು ಹಾಳೆಯ ಪಟ ಮಾಡಿ, ಬೆಂಗಳೂರಿನ ಮೀನು ಮಾರುವವರ ಕೈಗೆ ಕೊಡಲಿ. ತಾಟೆಯನ್ನು ತಲೆ ಸಮೇತ ತೋರಿಸಿಯೇ ಮಾರಬೇಕು, ಕತ್ತರಿಸುವುದು ಗಿರಾಕಿಯ ಮುಂದೆ ಅಂತ ನಿಯಮ ಮಾಡಲಿ. ದೊಡ್ಡ ಜಾತಿಯ ಮರಿ ಮಾರಬಾರದು. ಬಸುರಿ, ಬಾಣಂತಿ, ಮಕ್ಕಳಿಗೆ ಬೇಡ ಅಂತ ಕನ್ನಡದಲ್ಲಿ ಒಂದು ಸಾಲು ಬರೆಯಲಿ. ಬೀಡಿ ಕಟ್ಟಿನ ಮೇಲೆ ಬರೆಯುವುದಿಲ್ಲವೆ?

ಅಲ್ಲಿಯವರೆಗೆ ನೀವೇ ನೋಡಿಕೊಳ್ಳುವುದಕ್ಕೆ ಎರಡು ಗುರುತು ಹೇಳಿಬಿಡುತ್ತೇನೆ. ಇಡೀ ಮೀನು ಸಿಕ್ಕರೆ ಹೊಟ್ಟೆ ಮೇಲೆ ಮಾಡಿ. ಹಿಂದಿನ ಜೋಡಿ ರೆಕ್ಕೆಗಳ ಹತ್ತಿರ ಎರಡು ಬೆರಳಿನಂಥವು ಇದ್ದರೆ ಅದು ಗಂಡು. ಅವು ಉದ್ದವಾಗಿ, ಒಳಗೆ ಕಡ್ಡಿ ಇಟ್ಟಂತೆ ಗಟ್ಟಿಯಾಗಿದ್ದರೆ ಬೆಳೆದ ಗಂಡು, ಗಿಡ್ಡವಾಗಿ ಮೆತ್ತಗಿದ್ದರೆ ಎಳೆಯದು. ಆಮೇಲೆ ಮುಂದಿನ ಜೋಡಿ ರೆಕ್ಕೆಗಳ ನಡುವೆ ಬಿಳಿ ಹೊಟ್ಟೆಯ ಮೇಲೆ ಬೆರಳಾಡಿಸಿ. ಅಲ್ಲಿ ಇನ್ನೂ ಮಾಯದ ಸಣ್ಣ ಸೀಳು ಸಿಕ್ಕರೆ, ಅದು ತಾಯಿಯಿಂದ ಕಡಿದುಕೊಂಡ ಹೊಕ್ಕುಳಬಳ್ಳಿಯ ಗಾಯ. ಹುಟ್ಟಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಆಗಿದೆ ಅಷ್ಟೇ. ಅಂಗಡಿಯವನಿಗೂ ಅದನ್ನು ತೋರಿಸಿ, ಇದನ್ನು ತರಿಸಬೇಡಣ್ಣ ಅಂತ ಹೇಳಿ, ಬಂಗುಡೆ ತೂಗಿಸಿಕೊಂಡು ಬನ್ನಿ.